ಕಸ್ಟಮ್ ಕಾರಿನ ಮೂಲರೂಪ ಯಾವುದು?

ಅಮೆರಿಕದ ಹಳೆಯ ಕಸ್ಟಮ್ ಕಾರುಗಳನ್ನು ಹಡಗಿನಲ್ಲಿ ತರಿಸಿಕೊಂಡು, ವರ್ಷಗಟ್ಟಲೆ ದುಡಿದು ಅವುಗಳಿಗೆ ಮರುಜೀವ ಕೊಟ್ಟಿರುವ ದಂಪತಿಗೂ, ಇಂಗ್ಲೆಂಡಿನಲ್ಲಿ ಈ ಪ್ರದರ್ಶನವನ್ನು ಏರ್ಪಡಿಸಿದ ಸಮಿತಿಗೂ, ನೆರೆದ ಸಭಿಕರಿಗೂ ಅಭಿನಂದನೆಗಳು ಸಲ್ಲುತ್ತವೆ. ಸಾಲಾಗಿ ನಿಂತಿರುವ ಕಾರುಗಳ ವಿವರ ಫಲಕಗಳಲ್ಲಿಯೇ ಇರುವುದರಿಂದ, ಈ ಉದ್ಘಾಟನಾ ಭಾಷಣವು ಅವುಗಳ ಹಿಂದಿರುವ ಒಂದೇ ಪ್ರಶ್ನೆಗೆ ಮೀಸಲಾಗಿದೆ: ಬೇಕೆಂದೇ ಬದಲಾಯಿಸಲಾದ ಕಾರಿನ ಮೂಲರೂಪ ಯಾವುದು?

ಕಾರ್ಖಾನೆಯಿಂದ ಬಂದ ಕಾರಿನ ಒಡಲನ್ನು ಕತ್ತರಿಸಿ, ತಗ್ಗಿಸಿ, ಬೆಸೆದು, ಹೊಸ ಬಣ್ಣ ಬಳಿದು ಬೇರೆಯೇ ಆಕಾರ ಕೊಟ್ಟದ್ದು ಕಸ್ಟಮ್ ಕಾರು. ಇದರ ಸೋದರನಾದ ಹಾಟ್ ರಾಡ್‌ನ ಗುರಿ ವೇಗವಾದರೆ ಇದರ ಗುರಿ ರೂಪ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಿಂದಲೇ ಸ್ಯಾಕ್ರಮೆಂಟೊದ ಹ್ಯಾರಿ ವೆಸ್ಟರ್‌ಗಾರ್ಡ್ ಮೊದಲಾದವರ ಕೈಯಲ್ಲಿ ಬೆಳೆದ ಈ ಕಸುಬು, ಯುದ್ಧಾನಂತರ ಲಾಸ್ ಏಂಜಲಿಸ್ ಬಳಿಯ ಲಿನ್‌ವುಡ್‌ನಲ್ಲಿದ್ದ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸೋದರರ ಗ್ಯಾರೇಜಿನಲ್ಲಿ ಶಿಖರ ಮುಟ್ಟಿತು. ಬಾಬ್ ಹಿರೋಹಾಟಾ ಎಂಬ ಯುವಕನ 1951ರ ಮರ್ಕ್ಯುರಿ ಕಾರನ್ನು ಅವರು 1952ರಲ್ಲಿ ಮಾರ್ಪಡಿಸಿದರು. ಛಾವಣಿಯನ್ನು ಕತ್ತರಿಸಿ ತಗ್ಗಿಸಿದರು. ಕಿಟಕಿಗಳ ನಡುವಣ ಕಂಬವನ್ನೇ ತೆಗೆದುಹಾಕಿದರು. ಪಕ್ಕದ ಕ್ರೋಮ್ ಪಟ್ಟಿಯನ್ನು ಬ್ಯೂಯಿಕ್‌ನಿಂದಲೂ ಹಿಂದಿನ ದೀಪಗಳನ್ನು ಲಿಂಕನ್‌ನಿಂದಲೂ ತಂದು ಕೂಡಿಸಿದರು. ಅದೇ ಕಾರು 1959ರಲ್ಲಿ ಕೇವಲ 500 ಡಾಲರ್‌ಗೆ ಕೈಬದಲಾಯಿತು. ಕೊಂಡವರು ಅದನ್ನು ದಶಕಗಳ ಕಾಲ ಉಳಿಸಿಕೊಂಡು, ಕಾರ್ಖಾನೆಯ ರೂಪಕ್ಕಲ್ಲ, 1952ರ ರೂಪಕ್ಕೆ ಮರಳಿಸಿದರು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನ ದಾಖಲೆಗೆ ಸೇರಿದ ಆ ಕಾರು 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಆದರೆ ಇಂಥದೇ ಕಾರು ಬ್ರಿಟನ್ನಿನ ಬಂದರಿಗೆ ಬಂದಿಳಿದರೆ ಅದರ ಗತಿ ಬೇರೆಯಾಗಬಹುದು. ಕನಿಷ್ಠ 30 ವರ್ಷ ಹಳೆಯದಾದ, ತಯಾರಿಕೆ ನಿಂತುಹೋದ ಮಾದರಿಯ ಕಾರನ್ನು ಸಂಗ್ರಹಯೋಗ್ಯ ವಸ್ತುವೆಂದು ಪರಿಗಣಿಸಿದರೆ ಅದಕ್ಕೆ ಆಮದು ಸುಂಕವಿಲ್ಲ, ಮೌಲ್ಯವರ್ಧಿತ ತೆರಿಗೆ ಶೇಕಡ 5 ಮಾತ್ರ. ಇಲ್ಲವಾದರೆ ಶೇಕಡ 10 ಸುಂಕ, ಶೇಕಡ 20 ತೆರಿಗೆ. ಆ ಮನ್ನಣೆಗೆ ಇರುವ ಷರತ್ತೆಂದರೆ, ಒಡಲು, ಚಾಸಿ, ಇಂಜಿನ್ನು, ಬ್ರೇಕುಗಳಲ್ಲಿ ಗಣನೀಯ ಬದಲಾವಣೆಯಿಲ್ಲದೆ ಕಾರು ಮೂಲಸ್ಥಿತಿಯಲ್ಲಿರಬೇಕು. ಇದನ್ನು ಅಕ್ಷರಶಃ ಅನ್ವಯಿಸಿದರೆ, ಎಪ್ಪತ್ತು ವರ್ಷಗಳ ಹಿಂದಿನ ಕುಶಲಕರ್ಮಿಯ ಕೈಕೆಲಸವೇ ಕಾರಿನ ದೋಷವಾಗಿಬಿಡುತ್ತದೆ. ಅದೇ ದೇಶದ ವಾರ್ಷಿಕ ತಪಾಸಣೆಯ ನಿಯಮ ಹೆಚ್ಚು ವಿವೇಕದ್ದು: 40 ವರ್ಷ ದಾಟಿದ ವಾಹನಕ್ಕೆ ವಿನಾಯಿತಿ ಕೊಡುವಾಗ ಅದು ಕಳೆದ 30 ವರ್ಷಗಳೊಳಗಿನ ಗಣನೀಯ ಬದಲಾವಣೆಗಳನ್ನು ಮಾತ್ರ ನೋಡುತ್ತದೆ. ಬದಲಾವಣೆಗೂ ವಯಸ್ಸಾಗುತ್ತದೆ, ವಯಸ್ಸಾದ ಬದಲಾವಣೆಯೂ ಇತಿಹಾಸವೇ ಎಂಬ ಈ ತಿಳಿವಳಿಕೆ ಸುಂಕದ ನಿಯಮಕ್ಕೂ ಬರಬೇಕು.

ತೆರಿಗೆಯ ಹೊರೆಗಿಂತ ದೊಡ್ಡ ಅಪಾಯವೂ ಒಂದಿದೆ. ಹಳೆಯ ಕಸ್ಟಮ್ ಕಾರನ್ನು ಕೊಂಡವರು ಅದನ್ನು ಕಾರ್ಖಾನೆಯ ರೂಪಕ್ಕೆ ತಿರುಗಿಸುವುದೇ ಪುನರುದ್ಧಾರವೆಂದು ಭಾವಿಸಿದಾಗ, ಒಳಗಿನ ಸೀಸದ ಕೆಲಸ ಅಳಿಸಿಹೋಗುತ್ತದೆ. ಆ ಕಾರುಗಳನ್ನು ಮಾರ್ಪಡಿಸಿದ ಕಾಲದಲ್ಲಿ ಬೆಸೆದ ಸಂದುಗಳನ್ನು ಮುಚ್ಚಲು ಇಂದಿನ ಪ್ಲಾಸ್ಟಿಕ್ ಪುಟ್ಟಿ ಬಳಕೆಯಲ್ಲಿರಲಿಲ್ಲ. ಸುಮಾರು 70 ಪಾಲು ಸೀಸ, 30 ಪಾಲು ತವರದ ಬೆಸುಗೆ ಲೋಹವನ್ನು, ಮೊದಲೇ ತವರ ಲೇಪಿಸಿದ ತಗಡಿನ ಮೇಲೆ ಕಾಯಿಸುತ್ತಿದ್ದರು. ಈ ಮಿಶ್ರಲೋಹ 183 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ನೀರಾಗಿ ಹರಿಯದೆ, ಇನ್ನೂ ಹತ್ತಾರು ಡಿಗ್ರಿಗಳವರೆಗೆ ಬೆಣ್ಣೆಯಂತೆ ಮೆತ್ತಗಿರುತ್ತದೆ; ಆ ಕಿರಿದಾದ ವ್ಯಾಪ್ತಿಯಲ್ಲೇ ಕೊಬ್ಬು ಸವರಿದ ಮರದ ಪಟ್ಟಿಯಿಂದ ಅದನ್ನು ಒತ್ತಿ, ಎಳೆದು, ರೂಪಿಸಬೇಕು. ಆರಿದ ಮೇಲೆ ಉಜ್ಜುಕಾಗದ ಬಳಸಿದರೆ ವಿಷದ ಧೂಳು ಏಳುವುದರಿಂದ, ಅರದಿಂದ ಸವರುವುದೇ ಕ್ರಮ.

ಪ್ರದರ್ಶನದ ಮರ್ಕ್ಯುರಿಯೊಂದರ ಹಿಂದಿನ ಕಂಬದ ಬಳಿ, ಅಂಗೈಯಗಲದ ಜಾಗಕ್ಕೆ ಬಣ್ಣ ಹಚ್ಚದೆ ತೆಳು ವಾರ್ನಿಷ್ ಮಾತ್ರ ಹಚ್ಚಿ ಬಿಟ್ಟಿರುವುದು ಈ ದಂಪತಿಯ ವಿವೇಕಕ್ಕೆ ಸಾಕ್ಷಿ. ಮಸುಕು ಬೂದು ಸೀಸದ ಮೇಲೆ ಓರೆಯಾಗಿ ಓಡಿದ ಅರದ ಗೀರುಗಳು, ಒಂದೆಡೆ ಕೈ ಜಾರಿ ಆಳವಾಗಿ ಬಿದ್ದ ಗೆರೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ಮಾಡಿದವನ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಈ ಗೀರುಗಳಷ್ಟೇ ಅವನ ಗುರುತು. ಹೊಳಪಿನ ಮೋಹಕ್ಕೆ ಬಲಿಯಾಗದೆ ಅದನ್ನು ಉಳಿಸಿದ್ದು ಇಡೀ ಪ್ರದರ್ಶನದ ಅತ್ಯುತ್ತಮ ಕೆಲಸ.

ಆದ್ದರಿಂದ ಹಳೆಯ ಕಸ್ಟಮ್ ಕಾರಿನ ಒಡೆಯರೆಲ್ಲರೂ ಬಣ್ಣ ಕೆರೆಯುವ ಮುನ್ನ ಪ್ರತಿ ಪದರದ ಚಿತ್ರ ತೆಗೆದಿಡಬೇಕು, ಕಾರಿನ ಜೊತೆ ಬಂದ ರಸೀದಿ, ಪತ್ರ, ಛಾಯಾಚಿತ್ರಗಳನ್ನು ಎಸೆಯದೆ ಕಾಪಾಡಬೇಕು. ಆ ಕಾಲದ ಚಿತ್ರಗಳಿರುವ ಸಭಿಕರು ಅವುಗಳ ಪ್ರತಿಯನ್ನು ಈ ದಂಪತಿಗೆ ತಲುಪಿಸಬೇಕೆಂಬುದು ಈ ವೇದಿಕೆಯ ಕೋರಿಕೆ. ಪ್ರದರ್ಶನವು ಈಗ ಸಾರ್ವಜನಿಕರಿಗೆ ತೆರೆದಿದೆ.