ಬಾಡು ಬಿಡಿ ಎನ್ನುವ ಮೊದಲು
(ಆರೋಗ್ಯ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಊಟದ ವಿಷಯದಲ್ಲಿ ಜನರು ವೈದ್ಯರ, ದಾದಿಯರ, ಆಶಾ ಕಾರ್ಯಕರ್ತೆಯರ ಮಾತನ್ನು ನಂಬುತ್ತಾರೆ. ಆದ್ದರಿಂದ ಆ ಮಾತಿನ ಹೊಣೆ ದೊಡ್ಡದು. ಮಾಂಸದ ಪ್ರಶ್ನೆ ಬಂದಾಗ ಅದರಲ್ಲಿ ವಿಜ್ಞಾನವೆಷ್ಟು, ಹುಟ್ಟಿದ ಜಾತಿಯ ಸಂಸ್ಕಾರವೆಷ್ಟು ಎಂಬುದನ್ನು ನಾವು ಬೇರ್ಪಡಿಸಿ ನೋಡಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಎರಡು ತೀರ್ಮಾನಗಳನ್ನು ಕೊಟ್ಟಿತು. ಉಪ್ಪು ಹಾಕಿಯೋ ಹೊಗೆ ಕೊಟ್ಟೋ ಕೆಡದಂತೆ ಸಂಸ್ಕರಿಸಿದ ಮಾಂಸ, ಅಂದರೆ ಸಾಸೇಜ್, ಬೇಕನ್, ಹ್ಯಾಮ್ ಮೊದಲಾದುವು ಕ್ಯಾನ್ಸರ್‌ಕಾರಕ. ಕುರಿ, ಮೇಕೆ, ದನ, ಹಂದಿಗಳ ಕೆಂಪು ಮಾಂಸ ಬಹುಶಃ ಕ್ಯಾನ್ಸರ್‌ಕಾರಕ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ. ತಿಂದ ನೂರು ಜನರಲ್ಲಿ 18 ಮಂದಿಗೆ ರೋಗ ಬರುತ್ತದೆಂದು ಇದರ ಅರ್ಥವಲ್ಲ; ಮೊದಲೇ ಇದ್ದ ಅಪಾಯ ಅಷ್ಟು ಪಾಲು ಹೆಚ್ಚುತ್ತದೆ. ತಂಬಾಕಿನ ಗುಂಪಿಗೆ ಅದನ್ನು ಸೇರಿಸಿದ್ದು ಪುರಾವೆ ಗಟ್ಟಿಯಾಗಿರುವುದರಿಂದಲೇ ಹೊರತು ಹಾನಿ ತಂಬಾಕಿನಷ್ಟೇ ಎಂದಲ್ಲ.

ಈ ತೀರ್ಮಾನವನ್ನು ತಿರುಚುವವರು ಎರಡು ಬಗೆ. ಮಾಂಸ ತಿನ್ನದ ಮನೆಗಳಿಂದ ಬಂದ ಕೆಲವರು ತಮ್ಮ ಹೇಸಿಗೆಯನ್ನೇ ವೈದ್ಯವೆಂದು ಸಾರಿ “ಬಾಡು ಬಿಡಿ” ಎನ್ನುತ್ತಾರೆ. ತಿನ್ನುವವರಲ್ಲಿ ಕೆಲವರು ಇದೆಲ್ಲ ಮೇಲ್ಜಾತಿಯವರ ಹುನ್ನಾರವೆಂದು ಎಚ್ಚರಿಕೆಯನ್ನೇ ತಳ್ಳಿಹಾಕುತ್ತಾರೆ. ಎರಡೂ ರೋಗಿಗೆ ಮಾಡುವ ದ್ರೋಹವೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಮಾಂಸದ ಕಬ್ಬಿಣಾಂಶ ಸೊಪ್ಪುಕಾಳಿನದಕ್ಕಿಂತ ಸುಲಭವಾಗಿ ದೇಹಕ್ಕೆ ದಕ್ಕುತ್ತದೆ. ಲಂಡನ್ನಿನ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಕೂಡ ಕೆಂಪು ಮಾಂಸವನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಮೀರದಿರಲಿ ಎನ್ನುತ್ತದೆ. ಸಂತೆಯ ದಿನ ಅರ್ಧ ಕಿಲೋ ತಂದು ಆರು ಜನ ಹಂಚಿಕೊಳ್ಳುವ ಕೂಲಿಯವರ ಮನೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿನ ಬಸುರಿಗೆ ಬಾಡು ಬಿಡಿಸಿದರೆ ಕ್ಯಾನ್ಸರ್ ತಪ್ಪಿಸಿದಂತಾಗದು, ಇದ್ದ ರಕ್ತವನ್ನೂ ಕಸಿದಂತಾದೀತು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕೇಳಬೇಕು: ಏನು ತಿನ್ನುತ್ತೀರಿ, ಎಷ್ಟು, ವಾರಕ್ಕೆ ಎಷ್ಟು ಸಲ? ನಿತ್ಯ ಸಾಸೇಜ್ ತಿನ್ನುವ ಪಟ್ಟಣಿಗರಿಗೆ ಅದನ್ನು ಬಿಡಿ ಎನ್ನಬೇಕು. ನಿತ್ಯ ಮಟನ್ ತಿನ್ನುವ ಉಳ್ಳವರಿಗೆ ಕಡಿಮೆ ಮಾಡಿ ಎನ್ನಬೇಕು. ಉಪ್ಪು ಸವರಿ ಒಣಗಿಸಿದ ಬಾಡು ಕೂಡ ಸಂಸ್ಕರಿಸಿದ್ದೇ ಆದ್ದರಿಂದ, ಅದಕ್ಕಿಂತ ಹಸಿ ಬಾಡು ಮೇಲೆಂದು ಹಳ್ಳಿಗಳಲ್ಲಿ ಹೇಳಬೇಕು. ಬಸುರಿಯಾದವಳಿಗೆ “ಕಬ್ಬಿಣದ ಮಾತ್ರೆ ತಪ್ಪಿಸಬೇಡಮ್ಮ, ಬಾಡನ್ನೆಲ್ಲ ಗಂಡಸರಿಗೆ ಬಡಿಸಿ ನೀನು ಬರೀ ಸಾರು ಉಣ್ಣಬೇಡ” ಎಂದು ಅವಳ ಅತ್ತೆಯ ಎದುರಿಗೇ ಹೇಳಬೇಕು. ಮಾಂಸ ಒಲ್ಲದವರಿಗೆ ಸೊಪ್ಪುಕಾಳಿನ ಜೊತೆ ನಿಂಬೆರಸ ಸೇರಿಸಿಕೊಳ್ಳಿ, ಊಟದೊಡನೆ ಚಹಾ ಬೇಡ ಎಂದು ತಿಳಿಸಬೇಕು.

ಈ ವಿವೇಕ ತಾನಾಗಿ ಬರುವುದಿಲ್ಲ. ವೈದ್ಯರಿಂದ ಆಶಾ ಕಾರ್ಯಕರ್ತೆಯರವರೆಗೆ ಎಲ್ಲರ ತರಬೇತಿಯಲ್ಲೂ ಆಹಾರದ ಪಾಠವನ್ನು, ಬಡವರ ಊಟದ ಲೆಕ್ಕಸಮೇತ, ಕಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ.