ರೋಮಿನ ಬೋಕಿಗುಡ್ಡ



ರೋಮ್ ನಗರಕ್ಕೆ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಕೊಲೋಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿಗೆ ನಾಣ್ಯ ಎಸೆದದ್ದು, ಎಲ್ಲ ಬಾಯಿಪಾಠದಂತೆ ಬರುತ್ತದೆ. ತಪ್ಪೇನಿಲ್ಲ. ಅಷ್ಟು ದೂರ ಹೋಗಿ ಕೊಲೋಸಿಯಂ ನೋಡದೆ ಬರುವುದುಂಟೆ? ಆದರೆ ಅದರ ಎದುರಿಗೇ ಇರುವ ನಿಲ್ದಾಣದಲ್ಲಿ ಮೆಟ್ರೊ ಬಿ ಲೈನ್ ಹತ್ತಿ, ಎರಡನೇ ನಿಲ್ದಾಣದಲ್ಲಿ ಇಳಿದುಬಿಡಿ. ಆಳಿದ ರೋಮನ್ನು ಅಲ್ಲಿ ನೋಡಿದ್ದಾಯಿತು. ಉಂಡ ರೋಮನ್ನು ಇಲ್ಲಿ ನೋಡಬಹುದು. ಬಡಾವಣೆಯ ಹೆಸರು ಟೆಸ್ಟಾಚೊ.

ನಿಲ್ದಾಣದಿಂದ ಹೊರಗೆ ಬಂದೊಡನೆ ಕಣ್ಣಿಗೆ ಬೀಳುವುದು ಒಂದು ಪಿರಮಿಡ್! ಅದನ್ನು ಕಟ್ಟಿಸುವ ಹೊತ್ತಿಗೆ ಈಜಿಪ್ಟ್ ಆಗಷ್ಟೇ ರೋಮಿನ ಕೈವಶವಾಗಿತ್ತು, ಅಲ್ಲಿನದೆಲ್ಲ ಇಲ್ಲಿ ಫ್ಯಾಷನ್. ಗಾಯಸ್ ಸೆಸ್ಟಿಯಸ್ ಎಂಬ ಅಧಿಕಾರಿಗೆ ಸುಮಾರು 36 ಮೀಟರ್ ಎತ್ತರದ ಈ ಗೋರಿಯನ್ನು 330 ದಿನಗಳಲ್ಲಿ ಕಟ್ಟಿ ಮುಗಿಸಿದರೆಂದು ಅದರ ಮೇಲೇ ಕೆತ್ತಿದ್ದಾರೆ. ಪಕ್ಕದ ಸ್ಮಶಾನದಲ್ಲಿ ಇಂಗ್ಲಿಷ್ ಕವಿ ಕೀಟ್ಸ್ ಮಲಗಿದ್ದಾನೆ. 1821ರಲ್ಲಿ ತೀರಿಕೊಂಡಾಗ ಅವನಿಗೆ 25 ವರ್ಷ. ಅವನ ಕಲ್ಲಿನ ಮೇಲೆ ಹೆಸರಿಲ್ಲ, ಹುಡುಕುವಾಗ ನೆನಪಿರಲಿ. ಇಟಲಿಯ ಕಮ್ಯುನಿಸ್ಟ್ ಚಿಂತಕ ಗ್ರಾಂಶಿಯ ಸಮಾಧಿಯೂ ಅಲ್ಲೇ ಇದೆ.

ಇನ್ನು ಈ ಬಡಾವಣೆಯ ಗುಡ್ಡಕ್ಕೆ ಬರೋಣ. ಇವತ್ತು ನಿಮಗೆ ನಾನು ಮುಖ್ಯವಾಗಿ ತೋರಿಸಬೇಕೆಂದಿರುವುದು ಅದನ್ನೇ. ದೂರದಿಂದ ನೋಡಿದರೆ ಹುಲ್ಲು, ಪೊದೆ ಬೆಳೆದ ಮಾಮೂಲಿ ದಿಬ್ಬ. ಎತ್ತರ 35 ಮೀಟರ್, ಸುತ್ತಳತೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಹತ್ತಿರ ಹೋದರೆ ಮಣ್ಣೇ ಇಲ್ಲ! ಅಡಿಯಿಂದ ಮುಡಿಯವರೆಗೆ ಒಡೆದ ಗುಡಾಣಗಳ ಬೋಕಿ. ಹಳೆಯ ರೋಮಿಗೆ ಆಲಿವ್ ಎಣ್ಣೆ ತುಂಬಿ ತಂದ ಗುಡಾಣಗಳು. 5 ಕೋಟಿಗೂ ಹೆಚ್ಚು ಇರಬಹುದೆಂದು ಪುರಾತತ್ತ್ವಜ್ಞರು ಅಂದಾಜು ಕಟ್ಟಿದ್ದಾರೆ.

ಬಹುಪಾಲು ಬಂದದ್ದು ಸ್ಪೇನಿನ ದಕ್ಷಿಣ ಭಾಗದಿಂದ, ಉಳಿದವು ಉತ್ತರ ಆಫ್ರಿಕಾದಿಂದ. ಬರಿಗುಡಾಣವೇ ಸುಮಾರು 30 ಕಿಲೋ ತೂಗುತ್ತಿತ್ತು, ಒಳಗೆ 70 ಕಿಲೋ ಎಣ್ಣೆ. ಸಮುದ್ರ ದಾಟಿ, ಟೈಬರ್ ನದಿಯಲ್ಲಿ ಮೇಲಕ್ಕೆ ಬಂದು, ಇಲ್ಲಿನ ಬಂದರುಕಟ್ಟೆಯಲ್ಲಿ ಇಳಿಯುತ್ತಿತ್ತು. ಎಣ್ಣೆ ಬಗ್ಗಿಸಿಕೊಂಡ ಮೇಲೆ ಗುಡಾಣ ಯಾರಿಗೂ ಬೇಡ. ಮಣ್ಣು ಹೀರಿಕೊಂಡ ಎಣ್ಣೆ ಕಮಟು ಹಿಡಿಯುತ್ತದೆ, ಮತ್ತೆ ತುಂಬುವಂತಿಲ್ಲ. ಹಾಗಾಗಿ ಇಲ್ಲಿಗೆ ಹೊತ್ತು ತಂದು ಒಡೆದು, ಮಟ್ಟಸವಾಗಿ ಜೋಡಿಸಿ, ನಾರದಿರಲೆಂದು ಮೇಲೆ ಸುಣ್ಣ ಚೆಲ್ಲುತ್ತಿದ್ದರು. ಕಸ ಎಸೆಯುವುದರಲ್ಲೂ ಇಷ್ಟು ಅಚ್ಚುಕಟ್ಟು! ನಮ್ಮ ನಗರಪಾಲಿಕೆಗಳ ನೆನಪಾದರೆ ಅದು ನನ್ನ ತಪ್ಪಲ್ಲ.

ಒಂದು ಚೂರನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ಹಿಡಿಕೆಯ ಮೇಲೆ ಕುಂಬಾರಶಾಲೆಯ ಮುದ್ರೆ. ಮೈಮೇಲೆ ಮಸಿಯಲ್ಲಿ ಬರೆದ ಲೆಕ್ಕ: ಬರಿಗುಡಾಣದ ತೂಕ, ಎಣ್ಣೆಯ ತೂಕ, ಕಳಿಸಿದ ವರ್ತಕನ ಹೆಸರು, ಯಾವ ಊರಿನಲ್ಲಿ ತಪಾಸಣೆ ಆಯಿತು, ಯಾವ ವರ್ಷ. ಇವತ್ತಿನ ಲಾರಿ ಚಾಲಕರು ಚೆಕ್‌ಪೋಸ್ಟಿನಲ್ಲಿ ತೋರಿಸುವ ವೇಬಿಲ್ಲಿನ ಹಾಗೆಯೇ. 1872ರಿಂದ ಈ ಬರಹಗಳನ್ನು ಕೂತು ಓದಿದವನು ಹೈನ್ರಿಕ್ ಡ್ರೆಸೆಲ್ ಎಂಬ ಜರ್ಮನ್ ವಿದ್ವಾಂಸ. ಕಸದ ಗುಡ್ಡ ಆಮೇಲೆ ದಫ್ತರದ ಕೋಣೆಯಾಯಿತು ಅನ್ನಿ.

ಬೋಕಿಗಳ ನಡುವೆ ಗಾಳಿಯಾಡುವುದರಿಂದ ಗುಡ್ಡದ ಹೊಟ್ಟೆ ಬೇಸಿಗೆಯಲ್ಲೂ ತಂಪು. ಮುಂದಿನ ಶತಮಾನಗಳಲ್ಲಿ ಜನ ಬುಡವನ್ನು ಕೊರೆದು ವೈನ್ ನೆಲಮಾಳಿಗೆ ಮಾಡಿಕೊಂಡರು. ಈಗ ಅಲ್ಲಿ ಹೋಟೆಲುಗಳಿವೆ. ಕೆಲವುಗಳಲ್ಲಿ ಗಾಜಿನ ಗೋಡೆಯಾಚೆ ಬೋಕಿಯ ಸಾಲು ನೋಡುತ್ತ ಊಟ ಮಾಡಬಹುದು.

ಊಟದ ಮಾತು ಬಂತು. ಗುಡ್ಡದ ಎದುರಿಗೇ ಹಳೆಯ ಕಸಾಯಿಖಾನೆ. 1891ರಲ್ಲಿ ಕಟ್ಟಿ ಮುಗಿಸಿದ್ದು, 1975ರಲ್ಲಿ ಮುಚ್ಚಿತು. ಈಗ ಕಲಾ ಪ್ರದರ್ಶನಗಳೂ ವಾಸ್ತುಶಿಲ್ಪದ ತರಗತಿಗಳೂ ನಡೆಯುತ್ತವೆ. ತಲೆ ಎತ್ತಿದರೆ ಮಾಂಸ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ, ಕಂಬಿ ಹಾಗೇ ಇವೆ. ಒಳ್ಳೆಯ ಮಾಂಸವೆಲ್ಲ ಉಳ್ಳವರ ಮನೆಗೆ. ಕೆಲಸಗಾರರ ಪಾಲಿಗೆ, ಕೆಲವೊಮ್ಮೆ ಕೂಲಿಯ ಭಾಗವಾಗಿ, ಬೋಟಿ, ಬಾಲ, ಕರುಳು. ಪ್ರಾಣಿಯನ್ನು ನಾಲ್ಕು ಕಾಲುಭಾಗ ಮಾಡಿದ ಮೇಲೆ ಉಳಿದದ್ದಕ್ಕೆ ರೋಮನ್ನರು ಐದನೇ ಕಾಲುಭಾಗ ಎನ್ನುತ್ತಾರೆ. ಅದರಿಂದಲೇ ಹುಟ್ಟಿತು ಟೊಮೆಟೊ, ಸೆಲರಿ ಹಾಕಿ ತಾಸುಗಟ್ಟಲೆ ಬೇಯಿಸುವ ಬಾಲದ ಸಾರು, ಕೋಡಾ ಅಲ್ಲಾ ವಾಚಿನಾರಾ. ಈಗ ಅದನ್ನು ತಿನ್ನಲು ಉಳ್ಳವರು ಮೇಜು ಕಾದಿರಿಸಿ ಬರುತ್ತಾರೆ! ಬೋಟಿ ಗೊಜ್ಜು ಬಲ್ಲ ನಾಲಿಗೆಗೆ ಇದೇನೂ ಪರಕೀಯವಲ್ಲ. ಮಾಂಸ ಬೇಡದವರಿಗೆ ಕಾಚೊ ಎ ಪೆಪೆ ಇದೆ, ಕುರಿಹಾಲಿನ ಚೀಸ್ ಮತ್ತು ಕರಿಮೆಣಸು ಬೆರೆಸಿದ ಪಾಸ್ಟಾ. ನಮ್ಮ ಪಶ್ಚಿಮ ಕರಾವಳಿಯ ಮೆಣಸಿಗೆ ಹಳೆಯ ರೋಮ್ ಧಾರಾಳವಾಗಿ ದುಡ್ಡು ಸುರಿದಿತ್ತು. ಆ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ.

ಕಾಲಲ್ಲಿ ಇನ್ನೂ ಶಕ್ತಿಯಿದ್ದರೆ ಓಸ್ತಿಯೆನ್ಸೆ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆಯಿರಿ. 1912ರಲ್ಲಿ ಶುರುವಾದ ವಿದ್ಯುತ್ ಸ್ಥಾವರವೊಂದು ಈಗ ಮೊಂಟೆಮಾರ್ಟಿನಿ ವಸ್ತುಸಂಗ್ರಹಾಲಯ. ಕಪ್ಪು ಡೀಸೆಲ್ ಎಂಜಿನ್ನುಗಳ ಮುಂದೆ ಬಿಳಿ ಅಮೃತಶಿಲೆಯ ದೇವತೆಗಳನ್ನು ನಿಲ್ಲಿಸಿದ್ದಾರೆ. ವ್ಯಾಟಿಕನ್ನಿನ ನೂಕುನುಗ್ಗಲಿನಲ್ಲಿ ನೋಡುವ ಶಿಲ್ಪಗಳಿಗಿಂತ ಇವೇ ನನಗೆ ಹೆಚ್ಚು ಹಿಡಿಸಿದವು.

ಹೊರಡುವವರಿಗೆ ಎರಡು ಮಾತು. ಗುಡ್ಡಕ್ಕೆ ಬೇಲಿಯಿದೆ, ಹತ್ತಬೇಕಾದರೆ ಮೊದಲೇ ಬುಕ್ ಮಾಡಿಸಬೇಕು. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ಟೆಸ್ಟಾಚೊ ಮಾರುಕಟ್ಟೆಗೆ ಭಾನುವಾರ. ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲು ಎಳೆಯತೊಡಗುತ್ತವೆ.