ಹಸೆಗೋಡೆಯೂ ಗದ್ದೆಯೂ
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾರಲಿ ಚಿತ್ರ ಅಚ್ಚಾದ ಸೀರೆ, ಚೀಲಗಳನ್ನು ಪುಣೆಯ ಅಂಗಡಿಗಳಲ್ಲಿ ನಾವೆಲ್ಲ ಕಂಡವರೇ. ಆ ಬಿಳಿಯ ಗೊಂಬೆಗಳು ಡಹಾಣೂ ಕಡೆಯ ಆದಿವಾಸಿಗಳ ಮದುವೆಮನೆಯ ಗೋಡೆಯಿಂದ ಇಳಿದು ಬಂದವು. ಅವನ್ನು ಕಾಗದದ ಮೇಲೆ ಬರೆದು ಹೆಸರಾದ ಜಿವ್ಯಾ ಸೋಮಾ ಮಶೆಯವರಿಗೆ 2011ರಲ್ಲಿ ಪದ್ಮಶ್ರೀ ಬಂದಿತು. ಆದರೆ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಬರೆಯುವ ಚಿತ್ತಾರದ ಹೆಸರನ್ನು ಧಾರವಾಡ, ವಿಜಾಪುರಗಳ ಕಡೆಯಿಂದ ಬಂದ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಅದಕ್ಕೆ ಅಂಗಡಿಯ ಬಣ್ಣ ಬೇಕಿರಲಿಲ್ಲ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಕಾದ ಅದೇ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಪುಂಡಿಯ ನಾರೇ ಕುಂಚ. ಮದುಮಕ್ಕಳನ್ನು ಕೂರಿಸುವ ಹಸೆಗೋಡೆಯನ್ನು ಹೆಂಗಸರು ಹಾಡು ಹೇಳುತ್ತ ಬರೆಯುತ್ತಾರೆ. ತಾಯಿಯ ಕೈ ನೋಡಿ ಮಗಳು ಕಲಿಯುವ ವಿದ್ಯೆ ಇದು.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲವೆ? ಅದೇ ದಿನ ಅವರಿಗೆ ಭೂಮಿ ಹುಣ್ಣಿಮೆ. ಪೈರು ಹೊಡೆಯೊಡೆಯುವ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದು, ಅದರಲ್ಲಿ ಅಡಿಗೆ ತುಂಬಿ ಗದ್ದೆಗೆ ಒಯ್ಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಗದ್ದೆಯ ಅಕ್ಕಿಯೇ ಬುಟ್ಟಿಯ ಬಣ್ಣವಾಗಿ ಗದ್ದೆಗೆ ಮರಳುತ್ತದೆ.

ಆ ಗದ್ದೆ ಇಲ್ಲದವರೂ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ನೀರು ಸಾಗರ, ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳನ್ನು ನುಂಗಿತು. ಆ ವಿದ್ಯುತ್ತಿನಿಂದ ನಾಡಿನ ಗಿರಣಿಗಳು ತಿರುಗಿದವು, ನಿಜ. ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ ಎದ್ದು ಹೋದವರಲ್ಲಿ ಅನೇಕರು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ಅವರ ಬುಟ್ಟಿ ಯಾವ ಗದ್ದೆಗೆ ಹೋಗಬೇಕು? ಪ್ರದರ್ಶನದಲ್ಲಿ ಚಿತ್ತಾರವನ್ನು ಹೊಗಳುವವರು ಇದನ್ನು ಕೇಳಿದ್ದನ್ನು ನಾವು ಕಾಣೆವು.

ಆಸ್ಟ್ರೇಲಿಯದ ಮೂಲನಿವಾಸಿಗಳ ಸಂಗತಿ ಇಲ್ಲಿ ಹೇಳತಕ್ಕದ್ದು. 1997ರಲ್ಲಿ ಮರುಭೂಮಿಯ ನಲವತ್ತಕ್ಕೂ ಹೆಚ್ಚು ಮಂದಿ ಕೂಡಿ, ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲದ ಬಟ್ಟೆಯ ಮೇಲೆ ತಮ್ಮ ನೀರಿನ ನೆಲೆಗಳನ್ನೂ ಹಾದಿಗಳನ್ನೂ ಬರೆದರು. ಅದರ ಹೆಸರು ‘ನುರ್ರಾರಾ’. ಭೂಹಕ್ಕಿನ ನ್ಯಾಯಮಂಡಳಿಯ ಮುಂದೆ ಅದನ್ನು ನೆಲಕ್ಕೆ ಹಾಸಿ, ತಂತಮ್ಮ ಜಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲಿಯೇ ಸಾಕ್ಷಿ ಹೇಳಿದರು. ಚಿತ್ರವೊಂದೇ ಗೆಲ್ಲಿಸಿತೆನ್ನಲಾಗದು, ಹತ್ತು ವರ್ಷ ಕಾದರು. 2007ರಲ್ಲಿ ನ್ಯಾಯಾಲಯ ಅವರ ಹಕ್ಕನ್ನು ಒಪ್ಪಿತು.

ಸಾಗರದ ಕಡೆಯವರು ಯಾರಾದರೂ ಈ ಸಭೆಯಲ್ಲಿದ್ದರೆ, ಊರಿಗೆ ಹೋದಾಗ ಒಂದು ಭೂಮಣ್ಣಿ ಬುಟ್ಟಿಯನ್ನು ತಂದು, ಬರೆದ ತಾಯಿಯ ಹೆಸರನ್ನೂ ಅವರ ಊರಿನ ಕತೆಯನ್ನೂ ನಮಗೆ ಹೇಳಬೇಕೆಂದು ಕೋರುತ್ತೇವೆ.